ಇಂಕ್ ಪೆನ್ನಿಗೊಂದು ತೊಗಲಿನ ಒರೆ

ಅಂಗಡಿಯಲ್ಲಿ ಚರ್ಮದ ಪೆನ್ ಕೇಸನ್ನು ಕೈಗೆತ್ತಿಕೊಂಡವರು ಮೊದಲು ಅದರ ಬೆನ್ನು ಸವರುತ್ತಾರೆ, ಆಮೇಲೆ ಮೂಗಿಗೆ ಹಿಡಿಯುತ್ತಾರೆ, ಕೊನೆಗೆ ಬೆಲೆಚೀಟಿ ತಿರುವುತ್ತಾರೆ. ಒಳಗೆ ಬೆರಳು ತೂರಿಸಿ ನೋಡುವವರು ತೀರಾ ಕಡಿಮೆ. ಪೆನ್ನು ಇರುವುದು ಮಾತ್ರ ಒಳಗೆ. ಹೊರಮೈಯ ಬಣ್ಣ, ಹೊಳಪು, ಒತ್ತಿದ ಮುದ್ರೆ ಎಲ್ಲ ನಮ್ಮ ಸಂತೋಷಕ್ಕೆ. ಕ್ಯಾಪಿಗೆ ಗೀರು ಬೀಳುವುದು, ಕ್ಲಿಪ್ಪು ಬಾಗುವುದು, ಮಸಿ ಸೋರಿ ಹರಡುವುದು ಎಲ್ಲ ನಡೆಯುವುದು ಬೆಳಕು ಕಾಣದ ಆ ಒಂದಂಗುಲ ಅಗಲದ ಜಾಗದಲ್ಲಿ. ಹಾಗಾಗಿ ಕೇಸು ಆರಿಸುವ ಕೆಲಸವನ್ನು ಒಳಗಿನಿಂದಲೇ ಶುರುಮಾಡಬೇಕು ಎಂಬುದು ನನ್ನ ಪಕ್ಷ.

ಬಾಲ್‌ಪೆನ್ನಿಗೆ ಈ ಉಪಚಾರವೆಲ್ಲ ಬೇಕಿಲ್ಲ. ಬ್ಯಾಗಿನ ತಳದಲ್ಲಿ ಕೀಲಿಕೈ, ಚಿಲ್ಲರೆ ಕಾಸಿನ ಜೊತೆ ಹೊರಳಾಡಿಕೊಂಡು ಅದು ಹೇಗೋ ಬಾಳುತ್ತದೆ. ಇಂಕ್ ಪೆನ್ನಿಗೆ ಹಿಂದೆ ಅಂಗಿಯ ಜೇಬೇ ಮನೆಯಾಗಿತ್ತು. ಮೇಷ್ಟ್ರು, ವಕೀಲರು, ಶಾನುಭೋಗರ ಎದೆಯ ಮೇಲೆ ಕ್ಲಿಪ್ಪು ಮಿನುಗುತ್ತಿತ್ತು, ಜೇಬಿನ ತಳದಲ್ಲಿ ನೀಲಿ ಕಲೆಯೊಂದು ಕಾಯಂ ಆಗಿರುತ್ತಿತ್ತು. ಈಗಿನ ಟೀ ಶರ್ಟಿಗೆ ಜೇಬಿಲ್ಲ. ಇಂಕ್ ಪೆನ್ನಿನ ಹುಚ್ಚು ಮಾತ್ರ ಮರಳಿ ಹತ್ತಿದೆ. ಸ್ವದೇಶಿ ಚಳವಳಿಯ ಕಾಲದಲ್ಲಿ ಹುಟ್ಟಿದ ರಾಜಮಂಡ್ರಿಯ ರತ್ನಂ ಪೆನ್ನು, ತಮಿಳುನಾಡಿನ ತಿರುವಳ್ಳೂರಿನ ರಂಗ ಪೆನ್ನು ಇಂದಿಗೂ ಲೇತ್ ಯಂತ್ರದ ಮೇಲೆ ಕೈಯಿಂದಲೇ ರೂಪುಗೊಳ್ಳುತ್ತವೆ. 2002ರಲ್ಲಿ ಬೆಂಗಳೂರಿನಲ್ಲಿ ಪೆನ್ನಿನ ಅಂಗಡಿಯಾಗಿ ಶುರುವಾದ ವಿಲಿಯಂ ಪೆನ್, 2022ರಲ್ಲಿ ಅಮೆರಿಕದ ಹಳೆಯ ಹೆಸರಾದ ಶೆಫರ್ ಅನ್ನೇ ಕೊಂಡುಕೊಂಡಿತು. ಪೆನ್ನು ಒಂದಿದ್ದಲ್ಲಿ ಎರಡು, ಮೂರು ಆದವು; ಒಂದಕ್ಕೆ ನೀಲಿ, ಇನ್ನೊಂದಕ್ಕೆ ಹಸಿರು ಮಸಿ. ಅವನ್ನೆಲ್ಲ ಬೆನ್ನಿನ ಬ್ಯಾಗಿನಲ್ಲಿ ಹೊತ್ತು ತಿರುಗುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿದ್ದು.

ಈ ಪೆನ್ನು ಸೋರುವುದು ಅದರ ಹೊಟ್ಟೆಯಲ್ಲಿರುವ ಗಾಳಿಯಿಂದ. ಮಸಿ ಖಾಲಿಯಾದಷ್ಟೂ ಆ ಜಾಗಕ್ಕೆ ಗಾಳಿ ಬರುತ್ತದೆ. ಅದು ಬಿಸಿಗೆ ಹಿಗ್ಗುತ್ತದೆ, ಹೊರಗಿನ ಒತ್ತಡ ಇಳಿದರೂ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಮಸಿಯನ್ನು ನಿಬ್ಬಿನಡಿಯ ನಾಲಿಗೆಯ ಕಡೆಗೆ ದೂಡುತ್ತದೆ. ಮಂಗಳೂರಿನಲ್ಲಿ ಬಸ್ಸು ಹತ್ತಿ ಮಡಿಕೇರಿಯಲ್ಲಿಳಿದರೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ ಬಂದಿರುತ್ತೇವೆ, ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಇಳಿದಿರುತ್ತದೆ. ವಿಮಾನದೊಳಗಿನ ಒತ್ತಡವಂತೂ ಸುಮಾರು 1,800ರಿಂದ 2,400 ಮೀಟರ್ ಎತ್ತರದಲ್ಲಿರುವಷ್ಟೇ. ಡ್ರಾಪರಿನಿಂದ ಹೊಟ್ಟೆಗೇ ಮಸಿ ಸುರಿದುಕೊಳ್ಳುವ ನಮ್ಮ ದೇಶಿ ಪೆನ್ನುಗಳಲ್ಲಿ ಟ್ಯಾಂಕು ದೊಡ್ಡದು. ಅರ್ಧಕ್ಕಿಂತ ಕೆಳಗಿಳಿದಾಗ ಅವುಗಳ ಕಾಟ ಜಾಸ್ತಿ. ನಿಬ್ಬು ಮೇಲ್ಮುಖವಾಗಿದ್ದರೆ ಗಾಳಿ ನಿಬ್ಬಿನ ಬಳಿಯೇ ಸೇರಿಕೊಂಡಿದ್ದು ಸದ್ದಿಲ್ಲದೆ ಹೊರಹೋಗುತ್ತದೆ. ಆದ್ದರಿಂದ ಕೇಸಿಗೆ ಕೇಳಬೇಕಾದ ಮೊದಲ ಪ್ರಶ್ನೆ: ನೀನು ನನ್ನ ಬ್ಯಾಗಿನಲ್ಲಿ ನಿಲ್ಲುತ್ತೀಯೋ, ಮಲಗುತ್ತೀಯೋ? ದಪ್ಪನೆಯ ಜಿಪ್ ಕೇಸುಗಳು ಸಾಮಾನ್ಯವಾಗಿ ಮಲಗುತ್ತವೆ. ಒಂದೆರಡು ಪೆನ್ನಿನ ತೆಳು ಪೌಚು ಬ್ಯಾಗಿನ ಒಳಜೇಬಿನಲ್ಲಿ ನೆಟ್ಟಗೆ ನಿಲ್ಲುತ್ತದೆ. ಮೇಜಿನ ಮೇಲೆ ಚೆಂದ ಕಾಣುವ ಹತ್ತು ಪೆನ್ನಿನ ಸುರುಳಿ ಚೀಲ ಮನೆಯಲ್ಲಿಡಲು ಸರಿ, ದಿನಾ ಹೊತ್ತು ತಿರುಗಲು ಅಲ್ಲ.

ಅಳತೆಯ ವಿಷಯಕ್ಕೆ ಬಂದರೆ, ಪೆನ್ನುಗಳ ನಡುವಿನ ಅಂತರ ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು. ಕ್ಯಾಪು ಮುಚ್ಚಿದ ಕವೆಕೋ ಸ್ಪೋರ್ಟ್ ಹತ್ತೂವರೆ ಸೆಂಟಿಮೀಟರ್. ಲ್ಯಾಮಿ ಸಫಾರಿ ಹದಿನಾಲ್ಕರ ಆಸುಪಾಸು. ಮಾಂಟ್‌ಬ್ಲಾಂಕ್ 149 ಸುಮಾರು ಹದಿನೈದು, ದಪ್ಪ ಒಂದೂವರೆ. ಗಟ್ಟಿ ರಬ್ಬರಿನಿಂದ ಕೈಯಲ್ಲಿ ಕಡೆದ ಎಬೊನೈಟ್ ಪೆನ್ನುಗಳು ಅದಕ್ಕಿಂತಲೂ ಉದ್ದವಿರಬಹುದು. ಚಿಕ್ಕ ಪೆನ್ನು ಆಳದ ಪೌಚಿನೊಳಗೆ ಮುಳುಗಿ ಹೋಗುತ್ತದೆ, ತೆಗೆಯಲು ತಲೆಕೆಳಗೆ ಮಾಡಿ ಕೊಡವಬೇಕು, ಆ ಕೊಡವುವಿಕೆಯೇ ಅದಕ್ಕೆ ಕೇಡು. ದೊಡ್ಡ ಪೆನ್ನಿನ ತಲೆ ಹೊರಗೆ ಉಳಿದು ಮುಚ್ಚಳ ಮುಚ್ಚುವುದಿಲ್ಲ. ಕೊಳ್ಳಲು ಹೋಗುವಾಗ ನಿಮ್ಮ ಅತಿ ದಪ್ಪ ಪೆನ್ನನ್ನು ಜೊತೆಗೆ ಒಯ್ಯಿರಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಒಳಗೆ ಬೆರಳು ತೂರಿಸಿದಾಗ ಹುಡುಕಬೇಕಾದದ್ದು ಎರಡು ಪೆನ್ನುಗಳ ನಡುವೆ ಗೋಡೆ ಇದೆಯೇ ಎಂಬುದು. ಗೋಡೆಯಿಲ್ಲದ ಕೇಸಿನಲ್ಲಿ ಒಂದರ ಕ್ಲಿಪ್ಪು ಇನ್ನೊಂದರ ಮೈಯನ್ನು ದಾರಿಯುದ್ದಕ್ಕೂ ಉಜ್ಜುತ್ತದೆ. ಕೆಲವು ಕೇಸುಗಳಲ್ಲಿ ನಡುವೆ ಒಂದು ಚರ್ಮದ ನಾಲಗೆ ಬಿಟ್ಟಿರುತ್ತಾರೆ. ಅದು ಕ್ಲಿಪ್ಪಿನ ಉದ್ದಕ್ಕಾದರೂ ಇರಬೇಕು. ಎಲಾಸ್ಟಿಕ್ ಕುಣಿಕೆಗಳ ಮೇಲೆ ನನಗೆ ವಿಶ್ವಾಸ ಕಡಿಮೆ. ದಪ್ಪ ಪೆನ್ನು ಒಮ್ಮೆ ಹಿಗ್ಗಿಸಿಟ್ಟರೆ ತೆಳು ಪೆನ್ನು ಆಮೇಲೆ ಅದರಲ್ಲಿ ನಿಲ್ಲುವುದಿಲ್ಲ, ಒಂದೆರಡು ವರ್ಷಕ್ಕೆ ರಬ್ಬರು ಸತ್ತೇ ಹೋಗುತ್ತದೆ. ಜಿಪ್ಪಿದ್ದರೆ ಅದರ ಹಲ್ಲು ಪೆನ್ನಿಗೆ ತಾಗದಂತೆ ಒಳಗೊಂದು ಮಡಿಕೆ ಇದೆಯೇ ನೋಡಿ.

ಇನ್ನು ಒಳಪದರ. ಪಾರದರ್ಶಕ ಪಿವಿಸಿ ಹಾಳೆಯ ಒಳಪದರವಿದ್ದರೆ ಅಲ್ಲೇ ಕೆಳಗಿಡಿ. ಆ ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಬೆರೆಸಿದ ರಾಸಾಯನಿಕ ನಿಧಾನಕ್ಕೆ ಹೊರಬಂದು ಪೆನ್ನಿನ ಮೈಗೆ ಅಂಟುತ್ತದೆ, ಹೊಳಪು ಕೆಡುತ್ತದೆ. ಉಣ್ಣೆಯ ಫೆಲ್ಟು ಮೃದುವೇನೋ ಹೌದು; ಅದು ಬಿಡುವ ಗಂಧಕದ ಅಂಶಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಎಬೊನೈಟ್ ಎಂದರೂ ಧಾರಾಳ ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡಿದ ರಬ್ಬರೇ; ಬೆಳ್ಳಿಯ ಪೆನ್ನನ್ನೂ ಎಬೊನೈಟ್ ಪೆನ್ನನ್ನೂ ಒಂದೇ ಮುಚ್ಚಿದ ಕೇಸಿನಲ್ಲಿ ತಿಂಗಳುಗಟ್ಟಲೆ ಇಡುವುದು ಒಳ್ಳೆಯದಲ್ಲ. ಹಾಗೆಂದು ಎಬೊನೈಟಿಗೆ ಕತ್ತಲೆಯ ಮನೆ ಹಿತವೇ, ಬಿಸಿಲು ಬೆಳಕಿಗೆ ಅದರ ಕಪ್ಪು ಮಾಸಿ ಕಂದಾಗುತ್ತದೆ. ಅಜ್ಜನ ಕಾಲದ ಸೆಲ್ಯುಲಾಯ್ಡ್ ಪೆನ್ನು ಇದಕ್ಕೆ ತದ್ವಿರುದ್ಧ, ಅದಕ್ಕೆ ಗಾಳಿಯಾಡಬೇಕು. ಪ್ರಯಾಣಕ್ಕೆ ಕೇಸು ಸರಿ, ಬೀರುವಿನಲ್ಲಿ ವರ್ಷಗಟ್ಟಲೆ ಬಿಗಿದಿಡಲು ಬೇಡ. ಒಳಪದರವೇ ಇಲ್ಲದೆ ತೊಗಲಿನ ಒಳಮೈಯನ್ನೇ ಉಜ್ಜಿ ನುಣುಪು ಮಾಡಿ ಬಿಟ್ಟ ಕೇಸು ಸಿಕ್ಕರೆ ಅದು ನನ್ನ ಮೊದಲ ಆಯ್ಕೆ. ಧೂಳು ಕೂರುವುದು ಕಡಿಮೆ, ಒಂದು ಹನಿ ಮಸಿ ಬಿದ್ದರೂ ಒರಸಿ ಸುಮ್ಮನಾಗಬಹುದು.

ಈಗ ತೊಗಲಿಗೆ ಬರೋಣ. ಹಸಿ ಚರ್ಮ ಕೊಳೆಯದಂತೆ ಹದ ಮಾಡುವ ದಾರಿ ಮುಖ್ಯವಾಗಿ ಎರಡು. ಮರದ ಚೆಕ್ಕೆ, ಕಾಯಿಗಳ ಒಗರು ರಸದಲ್ಲಿ ವಾರಗಟ್ಟಲೆ ನೆನೆಸುವುದು ಹಳೆಯದು. ಕ್ರೋಮಿಯಂ ಲವಣದಲ್ಲಿ ಒಂದೆರಡು ದಿನಕ್ಕೆ ಮುಗಿಸುವುದು ಹತ್ತೊಂಬತ್ತನೇ ಶತಮಾನದ್ದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಕ್ರೋಮ್ ಹದವನ್ನು ಬಳಕೆಗೆ ತಂದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮುಖ್ಯರು. ಮುಂದೆ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದವರೂ ಅವರೇ. ಕ್ರೋಮ್ ಚರ್ಮ ಮೆದು, ನೀರಿಗೆ ಬೇಗ ಅಂಜುವುದಿಲ್ಲ, ಬಣ್ಣ ಹಿಡಿಯುತ್ತದೆ. ಚೆಕ್ಕೆಯಲ್ಲಿ ಹದವಾದದ್ದು ಬಿರುಸು. ಕೊಟ್ಟ ಆಕಾರ ಉಳಿಸಿಕೊಳ್ಳುತ್ತದೆ, ಕೈಯ ಎಣ್ಣೆ ಬೆವರು ಕುಡಿದು ವರ್ಷದಿಂದ ವರ್ಷಕ್ಕೆ ಕಂದೇರುತ್ತದೆ. ಪೆನ್ನಿನ ಮಟ್ಟಿಗೆ ಎರಡನೆಯದಕ್ಕೇ ನನ್ನ ಓಟು. ಬ್ಯಾಗಿನಲ್ಲಿ ಪುಸ್ತಕವೊಂದು ಮೇಲೆ ಬಿದ್ದಾಗ ಪೆನ್ನನ್ನು ಕಾಯುವುದು ಆ ಬಿರುಸೇ.

ಗುರುತಿಸುವುದು ಹೇಗೆ? ಕತ್ತರಿಸಿದ ಅಂಚು ನೋಡಿ. ಕ್ರೋಮ್ ಚರ್ಮದ ನಡುಭಾಗ ಸಾಮಾನ್ಯವಾಗಿ ಬೂದು ನೀಲಿ, ಚೆಕ್ಕೆಯದು ಕಂದು. ಅಂಚಿಗೆ ದಪ್ಪ ಬಣ್ಣ ಬಳಿದು ಮುಚ್ಚಿದ್ದರೆ ಒಳಗೇನೋ ಅಡಗಿಸುತ್ತಿರಬಹುದು, ಇಲ್ಲದೆಯೂ ಇರಬಹುದು. ಫುಟ್‌ಪಾತಿನ ವ್ಯಾಪಾರಿ ಲೈಟರ್ ಹಚ್ಚಿ ‘ನೋಡಿ ಸಾರ್, ಸುಡಲ್ಲ’ ಎಂದು ತೋರಿಸುವ ಪರೀಕ್ಷೆಯಿಂದ ತಿಳಿಯುವುದು ಬಹಳ ಸ್ವಲ್ಪ. ಚರ್ಮವನ್ನು ಪದರಪದರವಾಗಿ ಸೀಳುತ್ತಾರೆ. ಮೇಲಿನ ಪದರದಲ್ಲಿ ನಾರು ಒತ್ತಾಗಿದ್ದು ಗಟ್ಟಿ, ಕೆಳಗಿನದು ಸಡಿಲ. ಆ ಕೆಳಪದರಕ್ಕೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟು ಮೇಲ್ಮೈ ಗೆರೆಗಳನ್ನು ಅಚ್ಚೊತ್ತಿದರೂ ‘ಜೆನ್ಯುಯಿನ್ ಲೆದರ್’ ಎಂಬ ಮುದ್ರೆ ಬೀಳುತ್ತದೆ, ಅದು ಸುಳ್ಳೂ ಅಲ್ಲ. ಕೇಳಬೇಕಾದದ್ದು ಮೇಲ್ಪದರ ಹಾಗೇ ಉಳಿದ ‘ಫುಲ್ ಗ್ರೇನ್’ ಹೌದೋ ಅಲ್ಲವೋ ಎಂದು. ಸೊಳ್ಳೆ ಕಚ್ಚಿದ, ಮುಳ್ಳು ಗೀರಿದ ಗುರುತುಗಳು ಅದರ ಮೇಲೆ ಹಾಗೇ ಇರುತ್ತವೆ. ಪೂರ್ತಿ ನುಣ್ಣಗೆ ಒಂದೇ ಸಮ ಇದ್ದರೆ ಅನುಮಾನ ಪಡಿ. ರೆಕ್ಸಿನ್ ಬಗ್ಗೆ ಹೇಳುವುದೇನೂ ಇಲ್ಲ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದು ತಾನೇ ಸಿಪ್ಪೆ ಸುಲಿದುಕೊಂಡು ತನ್ನ ಕುಲ ಹೇಳುತ್ತದೆ.

ಚೆಕ್ಕೆಯ ಹದ ನಮಗೆ ಹೊರಗಿನದಲ್ಲ. ದಕ್ಷಿಣ ಭಾರತದ ಚರ್ಮದ ವ್ಯಾಪಾರ ಬೆಳೆದದ್ದೇ ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯ ಮೇಲೆ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯ ಚರ್ಮ ಜಾಲಿಯ ಚೆಕ್ಕೆ ಮತ್ತು ಅಳಲೆಕಾಯಿಯಲ್ಲಿ ಹದವಾಗುತ್ತದೆ. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸೇರಿದ್ದು. ಅಥಣಿ, ನಿಪ್ಪಾಣಿಗಳ ಕಡೆ ಇಂದಿಗೂ ಮನೆಮನೆಯಲ್ಲಿ ಈ ಕೆಲಸ ನಡೆಯುತ್ತದೆ. ಚಪ್ಪಲಿಯ ಅಟ್ಟೆಯ ದಪ್ಪ ಚರ್ಮ ಪೆನ್ನಿಗೆ ಒಗ್ಗುವುದಿಲ್ಲ, ಪೌಚಿಗೆ ಒಂದೂವರೆ ಮಿಲಿಮೀಟರ್ ಸಾಕು. ಕೈ ಮಾತ್ರ ಅದೇ ಕೈ. ಹನ್ನೆರಡನೇ ಶತಮಾನದಲ್ಲಿ ತೊಗಲು ಹದ ಮಾಡುತ್ತಿದ್ದ ಡೋಹರ ಕಕ್ಕಯ್ಯನನ್ನು ಶರಣರು ತಮ್ಮ ಹಿರಿಯನೆಂದು ಕರೆದರು. ಅಷ್ಟಾದ ಮೇಲೂ ಈ ಕಸುಬಿನವರನ್ನು ಊರ ಹೊರಗೇ ಇಟ್ಟ ನಾಡು ಇದು. ವಿದೇಶಿ ಕೇಸಿಗೆ ಕೇಳಿದಷ್ಟು ತೆತ್ತು ಬಂದವರು ಇಲ್ಲಿನ ಹೊಲಿಗೆಯವನ ಮುಂದೆ ಐವತ್ತು ರೂಪಾಯಿಗೆ ಚೌಕಾಸಿಗೆ ನಿಲ್ಲುವುದನ್ನು ನೋಡಿದಾಗ ಇದು ನೆನಪಾಗುತ್ತದೆ. ಈ ಕುಶಲಕರ್ಮಿಗಳಿಗಾಗಿಯೇ ರಾಜ್ಯ ಸರ್ಕಾರ 1976ರಲ್ಲಿ ಕಟ್ಟಿದ ಲಿಡ್ಕರ್ ನಿಗಮದ ಮಳಿಗೆಗಳಿವೆ; ಚರ್ಮದ ಸಾಮಾನು ಹುಡುಕುವವರು ಒಮ್ಮೆ ಹೊಕ್ಕು ನೋಡಬಹುದು.

ಹೊಲಿಗೆಯಲ್ಲೂ ಭೇದವಿದೆ. ಯಂತ್ರದ ಹೊಲಿಗೆಯಲ್ಲಿ ಮೇಲೊಂದು ದಾರ, ಕೆಳಗೊಂದು ದಾರ ಪರಸ್ಪರ ಸಿಕ್ಕಿಕೊಂಡಿರುತ್ತವೆ. ಒಂದು ಕಡೆ ಸವೆದು ಹರಿದರೆ ಸಾಲು ಬಿಚ್ಚಿಕೊಳ್ಳಬಹುದು. ಕೈಹೊಲಿಗೆಯಲ್ಲಿ ಮೇಣ ತೀಡಿದ ಒಂದೇ ದಾರದ ಎರಡೂ ತುದಿಗೆ ಸೂಜಿ, ಎರಡೂ ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟುತ್ತವೆ. ಎಲ್ಲೋ ಒಂದು ಹೊಲಿಗೆ ಹರಿದರೂ ಉಳಿದವು ಹಿಡಿದಿರುತ್ತವೆ. ಕೈಹೊಲಿಗೆಯೇ ಆಗಬೇಕೆಂಬ ಹಟ ನನಗಿಲ್ಲ, ಯಂತ್ರದ ಒಳ್ಳೆಯ ಕೆಲಸ ಕೈಯ ಅವಸರದ ಕೆಲಸಕ್ಕಿಂತ ಮೇಲು. ಆದರೆ ಮೂಲೆಗಳಲ್ಲಿ, ಬಾಯಿಯ ಎರಡೂ ತುದಿಯಲ್ಲಿ ಹೊಲಿಗೆಯನ್ನು ಇಮ್ಮಡಿಸಿದ್ದಾರೆಯೇ ನೋಡಿ. ಕೇಸು ಕಿತ್ತುಬರುವುದು ಅಲ್ಲಿಂದಲೇ.

ನೋಟ್‌ಬುಕ್ಕನ್ನೂ ಜೊತೆಗೆ ಹೊರುವವರ ಕಷ್ಟ ಬೇರೆ. ಪೆನ್ನು ಉರುಟು, ಪುಸ್ತಕ ಚಪ್ಪಟೆ. ಎರಡನ್ನೂ ಒಂದೇ ರಟ್ಟಿನಡಿ ಮಡಿಸಿದರೆ ಪೆನ್ನಿರುವ ಕಡೆ ಉಬ್ಬಿ, ಅದರ ಒತ್ತು ಹಾಳೆಗಳ ಮೇಲೆ ಅಚ್ಚಾಗಿ ಬೀಳುತ್ತದೆ. ಹೊಂದಿಕೊಳ್ಳುವ ವಿನ್ಯಾಸವೆಂದರೆ ಪೆನ್ನಿನ ಜಾಗ ಪುಸ್ತಕದ ಅಂಚಿನಾಚೆ ಇರುವುದು. ಜಪಾನಿನ ಮಿಡೋರಿ 2006ರಲ್ಲಿ ತಂದ ಟ್ರಾವೆಲರ್ಸ್ ನೋಟ್‌ಬುಕ್ ಈ ತೊಡಕನ್ನೇ ಬದಿಗಿಟ್ಟಿತು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ತಯಾರಾಗುವ ಒಂದೇ ತುಂಡು ಚರ್ಮ, ಬೆನ್ನಿನಲ್ಲಿ ಒಂದು ಎಲಾಸ್ಟಿಕ್ ದಾರ, ಅದಕ್ಕೆ ಸಿಕ್ಕಿಸುವ 210 ಮಿಲಿಮೀಟರ್ ಎತ್ತರ, 110 ಅಗಲದ ಪುಸ್ತಕ, ಅಷ್ಟೇ. ಹೊಲಿಗೆಯಿಲ್ಲ, ಒಳಪದರವಿಲ್ಲ, ಪೆನ್ನಿಗೆ ಜಾಗವೂ ಇಲ್ಲ; ಬೇಕಾದವರು ಕುಣಿಕೆಯನ್ನು ಬೇರೆ ಕೊಂಡು ಸಿಕ್ಕಿಸಿಕೊಳ್ಳಬೇಕು. ಇನ್ನೊಂದು ತೊಡಕು ಅಳತೆಯದು. ಹೊರದೇಶದ ಚರ್ಮದ ರಟ್ಟುಗಳು ಬಹುಪಾಲು ಎ5 ಅಥವಾ ಎ6 ಅಳತೆಯವು, ಎಂದರೆ 148ಕ್ಕೆ 210, 105ಕ್ಕೆ 148 ಮಿಲಿಮೀಟರ್. ಬೀದಿ ಕೊನೆಯ ಅಂಗಡಿಯ ಲಾಂಗ್ ಬುಕ್ಕು ಅದರೊಳಗೆ ಹೋಗುವುದಿಲ್ಲ. ನೀವು ಬರೆಯುವ ಪುಸ್ತಕ ಮುಂದೆಯೂ ಸಿಗುವಂಥದ್ದೇ ಎಂದು ಖಚಿತಪಡಿಸಿಕೊಂಡು ರಟ್ಟು ಕೊಳ್ಳಿ. ರಟ್ಟಿಗಾಗಿ ಪುಸ್ತಕ ಬದಲಿಸುವುದು ತಲೆಕೆಳಗಾದ ವ್ಯವಹಾರ.

ಇಷ್ಟೆಲ್ಲ ಷರತ್ತಿಗೆ ಹೊಂದುವ ಕೇಸು ಸಿಗದಿದ್ದರೆ ಹೊಲಿಸಿಕೊಳ್ಳಬಹುದು, ಅದೇನು ಬ್ರಹ್ಮವಿದ್ಯೆಯಲ್ಲ. ದಪ್ಪ ಕಾಗದದಲ್ಲಿ ಮಾದರಿ ಕತ್ತರಿಸಿ ಪೆನ್ನಿಟ್ಟು ಮಡಚಿ ನೋಡಿ, ಪೆನ್ನಿನ ಸುತ್ತಳತೆಗೆ ಚರ್ಮದ ದಪ್ಪವನ್ನೂ ಹೊಲಿಗೆಯ ಅಂಚನ್ನೂ ಸೇರಿಸಿ. ಕಸುಬಿನವರು ರಂಪಿಗೆಯಿಂದ ತೊಗಲು ಕತ್ತರಿಸಿ, ಮಡಚುವ ಕಡೆ ಒಳಗಿನಿಂದ ಕೆರೆದು ತೆಳು ಮಾಡಿ, ಅಂಟು ಹಾಕಿ, ತೂತು ಗುರುತಿಸಿ ಹೊಲಿಯುತ್ತಾರೆ. ಚೆಕ್ಕೆ ಹದದ ತೊಗಲಾದರೆ ಒದ್ದೆ ಮಾಡಿ ಪೆನ್ನಿನ ಗಾತ್ರದ ಮರದ ಕಡ್ಡಿಯ ಮೇಲೆ ಒತ್ತಿ ಒಣಗಿಸಿದರೆ ಆ ಆಕಾರ ನಿಲ್ಲುತ್ತದೆ. ಕಡ್ಡಿಯೇ ಇರಲಿ, ಪೆನ್ನನ್ನು ಒದ್ದೆ ಚರ್ಮದೊಳಗೆ ಇಡಬೇಡಿ. ಅಂಚನ್ನು ನೀರು ಮುಟ್ಟಿಸಿ ಮರದ ತುಂಡಿನಿಂದ ಬಿಸಿಯೇರುವವರೆಗೂ ಉಜ್ಜಿದರೆ ಬಣ್ಣವೇ ಬೇಕಿಲ್ಲ.

ಕೊಂಡದ್ದಾಗಲಿ, ಹೊಲಿಸಿದ್ದಾಗಲಿ, ನಮ್ಮಲ್ಲಿ ಅದರ ಶತ್ರು ಮಳೆಗಾಲ. ಕರಾವಳಿ, ಮಲೆನಾಡಿನಲ್ಲಿ ಜುಲೈ ತಿಂಗಳು ಮುಚ್ಚಿದ ಬೀರುವಿನಲ್ಲಿಟ್ಟ ಚರ್ಮಕ್ಕೆ ಬೂಷ್ಟು ಹಿಡಿಯದೆ ಬಿಡುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ಇನ್ನೂ ಬೇಗ. ಹತ್ತಿಯ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಆಗಾಗ ಹೊರತೆಗೆದು ನೆರಳಲ್ಲಿ ಗಾಳಿಗೆ ಹಿಡಿಯಿರಿ, ಬೂಷ್ಟು ಕಂಡರೆ ಮನೆಯ ಹೊರಗೆ ಒಣಬಟ್ಟೆಯಲ್ಲಿ ಒರಸಿ. ಬಿಸಿಲಿಗೆ ಒಣಹಾಕಿದರೆ ಸೆಟೆದು ಬಿರಿಯುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವ ಹಿರಿಯರ ಸಲಹೆಯನ್ನು ನಯವಾಗಿ ತಳ್ಳಿಹಾಕಿ. ತೊಗಲು ಕಪ್ಪಾಗಿ ಜೋತುಬೀಳುತ್ತದೆ, ಬಿರುಸು ಹೋದ ಪೌಚು ಪೆನ್ನನ್ನು ಕಾಯುವುದಿಲ್ಲ. ವರ್ಷಕ್ಕೊಮ್ಮೆ ಮೇಣದ ಪಾಲಿಶ್ ತೆಳ್ಳಗೆ ತೀಡಿದರೆ ಸಾಕು, ಅದೂ ಹೊರಮೈಗೆ ಮಾತ್ರ. ಒಳಗೆ ಮಸಿ ಸೋರಿದ್ದರೆ ಹತ್ತಿಯ ಬಟ್ಟೆಯನ್ನು ಒತ್ತಿ ಹೀರಿಸಿ, ನೀರು ಸುರಿದು ಹರಡಬೇಡಿ. ಪೂರ್ತಿ ಒಣಗುವವರೆಗೆ ಆ ಗೂಡಿಗೆ ಬೇರೆ ಪೆನ್ನು ಇಳಿಸಬೇಡಿ.