ನಿಮಗಿದು ಗೊತ್ತೆ? ಮಾತ್ರೆ ಬಿಟ್ಟರೂ ಮೈಯಲ್ಲುಳಿಯುವ ಮದ್ದು

ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಗೆಡಹುವ ಕಾಯಿಲೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್. ಇದಕ್ಕೆ ಕೊಡುವ ಟೆರಿಫ್ಲುನಮೈಡ್ ಮಾತ್ರೆಯನ್ನು ಇವತ್ತೇ ನಿಲ್ಲಿಸಿದರೂ ಕೆಲವರ ರಕ್ತದಲ್ಲಿ ಅದರ ಅಂಶ 2 ವರ್ಷದವರೆಗೂ ಉಳಿಯಬಹುದು! ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಿದ್ದರಿಂದ ಗರ್ಭಿಣಿಯರಿಗೆ ಇದು ನಿಷಿದ್ಧ. ಹಾಗೆಂದು ಮಗು ಬೇಕೆನ್ನುವವರು ಅಷ್ಟು ವರ್ಷ ಕಾಯಬೇಕಾಗಿಲ್ಲ. ಕೊಲೆಸ್ಟರಾಲ್ ಇಳಿಸಲು ಬಳಸುವ ಕೊಲೆಸ್ಟಿರಮೈನ್ ಎಂಬ ಪುಡಿಯನ್ನು ವೈದ್ಯರು 11 ದಿನ ಕೊಡುತ್ತಾರೆ. ಅದು ಮದ್ದನ್ನು ಕರುಳಿನಲ್ಲೇ ಹಿಡಿದು ಹೊರಹಾಕುತ್ತದೆ. ಆಮೇಲೆ ರಕ್ತದಲ್ಲಿ ಅದರ ಪ್ರಮಾಣ ಲೀಟರಿಗೆ 0.02 ಮಿಲಿಗ್ರಾಂಗಿಂತ ಕಡಿಮೆ ಇದೆಯೆಂದು ಎರಡು ಪರೀಕ್ಷೆಗಳಲ್ಲಿ ಖಚಿತವಾಗಬೇಕು.

ಎಂಎಸ್‌ನ ಇನ್ನೊಂದು ಮದ್ದು ಫಿಂಗೋಲಿಮಾಡ್ ಆದರೆ ಬಸಿರಿಗೆ ಕನಿಷ್ಠ 2 ತಿಂಗಳು ಮೊದಲೇ ನಿಲ್ಲಿಸಬೇಕು. ಕ್ಲಾಡ್ರಿಬೀನ್ ಎಂಬ ಮದ್ದಾದರೆ ಕೊನೆಯ ಡೋಸಿನಿಂದ 6 ತಿಂಗಳು ಕಾಯಬೇಕು. ಆದರೆ ಫಿಂಗೋಲಿಮಾಡ್ ಅಥವಾ ಎಂಎಸ್‌ನ ಮತ್ತೊಂದು ಮದ್ದು ನಟಾಲಿಜುಮಾಬ್ ನಿಲ್ಲಿಸಿದಾಗ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳುವುದೂ ಉಂಟು. ನಿಜವಾದ ಪೇಚು ಇರುವುದೇ ಇಲ್ಲಿ.

ಎಲ್ಲ ಮದ್ದೂ ಹೀಗಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ ಚುಚ್ಚುಮದ್ದನ್ನು ಅಗತ್ಯವಿದ್ದರೆ ಗರ್ಭಿಣಿಯರಿಗೂ ಕೊಡಬಹುದೆಂದು ಯುರೋಪಿನ ಔಷಧ ನಿಯಂತ್ರಕರು 2019ರಲ್ಲಿ ಒಪ್ಪಿದರು.

ಬಸಿರೇ ಒಂದು ಬಗೆಯ ಮದ್ದು ಎಂದರೂ ತಪ್ಪಿಲ್ಲ! ಎಂಎಸ್ ಇದ್ದ, ಯುರೋಪಿನ 12 ದೇಶಗಳ 254 ಮಹಿಳೆಯರ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಕಾಯಿಲೆ ಮರುಕಳಿಸುವುದು ಸುಮಾರು ಶೇ 70ರಷ್ಟು ಇಳಿದಿತ್ತು. ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಮತ್ತೆ ಏರಿತು.

ಎಂಎಸ್ ಇರುವವರು ಮಗುವಿನ ಯೋಚನೆ ಬಂದಾಗಲೇ ನರರೋಗ ತಜ್ಞರಿಗೆ ತಿಳಿಸಿ. ಅನಿರೀಕ್ಷಿತವಾಗಿ ಮುಟ್ಟು ನಿಂತರೆ ಅಂದೇ ಫೋನ್ ಮಾಡಿ.