ಮಾಜಿ ಸೈನಿಕರ ಸೇವಾ ದಾಖಲೆ ಹಾಗೂ ಪದಕಗಳ ವಿವರಗಳ ತಿದ್ದುಪಡಿ: ಮಾಜಿ ಸೈನಿಕರು ಮತ್ತು ಅವರ ಕುಟುಂಬದವರು ತಿಳಿದಿರಬೇಕಾದ ವಿಷಯಗಳು

ಸೇನೆಯಿಂದ ಬಿಡುಗಡೆ ಹೊಂದಿದ ಸೈನಿಕರ ಹೆಸರು, ಪತ್ನಿಯ ಹೆಸರು, ಮಕ್ಕಳ ಜನ್ಮ ದಿನಾಂಕ, ಪಡೆದ ಪದಕಗಳು ಮುಂತಾದ ವಿವರಗಳು ಅವರ ಸೇವಾ ದಾಖಲೆಯಲ್ಲಿ ಇರುತ್ತವೆ. ಈ ವಿವರಗಳಲ್ಲಿ ಒಂದು ಅಕ್ಷರ ವ್ಯತ್ಯಾಸವಾಗಿದ್ದರೂ ಸೈನಿಕರು ಜೀವಿತರಾಗಿರುವವರೆಗೆ ಅದರ ತೊಂದರೆ ಕಂಡುಬರುವುದು ಅಪರೂಪ. ಪಿಂಚಣಿಯು ಪ್ರತಿ ತಿಂಗಳು ಜಮಾ ಆಗುತ್ತಿರುತ್ತದೆ. ಅವರು ಮೃತಪಟ್ಟು, ಪತ್ನಿಯು ಕುಟುಂಬ ಪಿಂಚಣಿಗೆ ಅರ್ಜಿ ಸಲ್ಲಿಸಿದಾಗ ಮಾತ್ರ ಆ ವ್ಯತ್ಯಾಸ ಹೊರಬರುತ್ತದೆ. ಆಗ ತಿದ್ದುಪಡಿಗೆ ಸಹಿ ಮಾಡಬೇಕಾದವರೇ ಇರುವುದಿಲ್ಲ. ಆದುದರಿಂದ ಮಾಜಿ ಸೈನಿಕರು ತಮ್ಮ ದಾಖಲೆಗಳನ್ನು ಈಗಲೇ ಪರಿಶೀಲಿಸಿ, ತಪ್ಪುಗಳಿದ್ದಲ್ಲಿ ತಮ್ಮ ಜೀವಿತಾವಧಿಯಲ್ಲಿಯೇ ಸರಿಪಡಿಸಿಕೊಳ್ಳುವುದು ಅತ್ಯಗತ್ಯ. ಅದಕ್ಕೆ ಬೇಕಾದ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

1. ಮೂಲ ದಾಖಲೆ ಎಲ್ಲಿರುತ್ತದೆ?

ಸೈನಿಕರ ಕೈಯಲ್ಲಿ ಸಾಮಾನ್ಯವಾಗಿ ಎರಡು ಪತ್ರಗಳಿರುತ್ತವೆ. ಒಂದು ಡಿಸ್‌ಚಾರ್ಜ್ ಪುಸ್ತಕ, ಮತ್ತೊಂದು ಪಿಂಚಣಿ ಸಂದಾಯ ಆದೇಶ, ಅಂದರೆ ಪಿ.ಪಿ.ಓ. ಇವೆರಡೂ ಮೂಲ ದಾಖಲೆಯಿಂದ ತಯಾರಾದ ಪತ್ರಗಳೇ ಹೊರತು ಮೂಲ ದಾಖಲೆಯಲ್ಲ. ಮೂಲ ದಾಖಲೆಯು ಆಯಾ ರೆಜಿಮೆಂಟ್ ಅಥವಾ ಕೋರ್‌ಗೆ ಸೇರಿದ ರೆಕಾರ್ಡ್ ಕಛೇರಿಯಲ್ಲಿ ಇರುತ್ತದೆ.

ಭೂಸೇನೆಯಲ್ಲಿ ಪ್ರತಿಯೊಂದು ರೆಜಿಮೆಂಟ್ ಅಥವಾ ಕೋರ್‌ಗೆ ತನ್ನದೇ ರೆಕಾರ್ಡ್ ಕಛೇರಿಯಿದೆ. ಮದ್ರಾಸ್ ಎಂಜಿನಿಯರ್ ಗ್ರೂಪ್, ಕೋರ್ ಆಫ್ ಮಿಲಿಟರಿ ಪೊಲೀಸ್ ಹಾಗೂ ಪ್ಯಾರಾಶೂಟ್ ರೆಜಿಮೆಂಟ್‌ಗಳ ರೆಕಾರ್ಡ್ ಕಛೇರಿಗಳು ಬೆಂಗಳೂರಿನಲ್ಲಿವೆ. ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ, ಮದ್ರಾಸ್ ರೆಜಿಮೆಂಟ್‌ನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ, ಫಿರಂಗಿ ದಳದ್ದು ನಾಸಿಕ್ ರೋಡ್‌ನಲ್ಲಿ, ಸಿಗ್ನಲ್ಸ್ ಕೋರ್‌ನದು ಜಬಲ್ಪುರದಲ್ಲಿ ಹಾಗೂ ಇ.ಎಂ.ಇ. ಕೋರ್‌ನದು ಸಿಕಂದರಾಬಾದ್‌ನಲ್ಲಿ ಇವೆ. ವಾಯುಪಡೆಯವರ ದಾಖಲೆಗಳು ನವದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿಯೂ, ನೌಕಾಪಡೆಯ ನಾವಿಕರ ದಾಖಲೆಗಳು ಮುಂಬಯಿಯಲ್ಲಿಯೂ ಇರುತ್ತವೆ.

ಆಧಾರ್ ಕಾರ್ಡ್ ಅಥವಾ ಬ್ಯಾಂಕ್ ಖಾತೆಯಲ್ಲಿ ಹೆಸರು ಸರಿಪಡಿಸಿಕೊಂಡರೆ ಸೇವಾ ದಾಖಲೆಯೂ ಸರಿಯಾಗುತ್ತದೆಂದು ಅನೇಕರು ಭಾವಿಸುತ್ತಾರೆ. ಇದು ಲೆಡ್ಜರ್ ಅನ್ನು ತಿದ್ದದೆ ಪಾಸ್‌ಬುಕ್ ಮಾತ್ರ ತಿದ್ದಿದಂತೆ. ರೆಕಾರ್ಡ್ ಕಛೇರಿಯು ಪಾರ್ಟ್ ಟು ಆರ್ಡರ್ ಹೊರಡಿಸಿ ಮೂಲ ದಾಖಲೆಯನ್ನು ತಿದ್ದಿದ ನಂತರವೇ ಉಳಿದವು ಕ್ರಮಬದ್ಧವಾಗುತ್ತವೆ. ಅದರ ಆಧಾರದ ಮೇಲೆ ಪಿಂಚಣಿ ಮಂಜೂರಾತಿ ಪ್ರಾಧಿಕಾರವು ತಿದ್ದುಪಡಿ ಪಿ.ಪಿ.ಓ. ಹೊರಡಿಸುತ್ತದೆ. ಭೂಸೇನೆಯ ಜೆ.ಸಿ.ಓ. ಮತ್ತು ಇತರ ಶ್ರೇಣಿಯವರಿಗೆ ಈ ಪ್ರಾಧಿಕಾರವು ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರಗಳ ಪ್ರಧಾನ ನಿಯಂತ್ರಕರ ಪಿಂಚಣಿ ಕಛೇರಿಯಾಗಿರುತ್ತದೆ.

2. ಸಾಮಾನ್ಯವಾಗಿ ಕಂಡುಬರುವ ತಪ್ಪುಗಳು

ಭರ್ತಿಯ ಸಂದರ್ಭದಲ್ಲಿ ಕನ್ನಡದ ಹೆಸರುಗಳನ್ನು ಬೇರೆ ಭಾಷೆಯ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿರುವುದರಿಂದ ಕೆಳಕಂಡ ವ್ಯತ್ಯಾಸಗಳು ನಮ್ಮ ರಾಜ್ಯದವರಲ್ಲಿ ಹೆಚ್ಚಾಗಿ ಕಂಡುಬರುತ್ತವೆ.

ಅ) ಪತ್ನಿಯ ಹೆಸರಿನ ಕೊನೆಯ ಅವ್ವ, ಅಮ್ಮ, ಬಾಯಿ ಎಂಬ ಪದಗಳು ಬಿಟ್ಟುಹೋಗಿರುವುದು ಅಥವಾ ಬದಲಾಗಿರುವುದು. ದಾಖಲೆಯಲ್ಲಿ ಗಂಗಾ ಎಂದಿದ್ದು, ಆಧಾರ್‌ನಲ್ಲಿ ಗಂಗವ್ವ ಎಂದಿರುವುದು ಇದಕ್ಕೆ ಉದಾಹರಣೆ.
ಆ) ತವರುಮನೆಯ ಹೆಸರು ಸೇವಾ ದಾಖಲೆಯಲ್ಲಿಯೂ, ಮದುವೆಯ ನಂತರ ಇಟ್ಟ ಹೆಸರು ಇತರೆಡೆಗಳಲ್ಲಿಯೂ ಇರುವುದು.
ಇ) ಊರಿನ ಹೆಸರು, ತಂದೆಯ ಹೆಸರು ಅಥವಾ ಕೊಡಗಿನವರ ಮನೆತನದ ಹೆಸರು ಒಂದೆಡೆ ಪೂರ್ಣವಾಗಿ, ಇನ್ನೊಂದೆಡೆ ಇನಿಷಿಯಲ್ ಆಗಿ ನಮೂದಾಗಿರುವುದು.
ಈ) ಪತ್ನಿಯ ಜನ್ಮ ದಿನಾಂಕ ಇಲ್ಲದಿರುವುದು ಅಥವಾ ಅಂದಾಜಿನ ವರ್ಷ ಮಾತ್ರ ಇರುವುದು.
ಉ) ಬಿಡುಗಡೆಯ ನಂತರ ಜನಿಸಿದ ಮಕ್ಕಳ ಹೆಸರು ಸೇರ್ಪಡೆಯಾಗದಿರುವುದು.
ಊ) ಮೊದಲ ಪತ್ನಿಯ ನಿಧನದ ನಂತರ ಆದ ಮರುವಿವಾಹವು ನಮೂದಾಗದಿರುವುದು. ಇಂತಹ ಪ್ರಕರಣಗಳಲ್ಲಿ ಮೊದಲ ಪತ್ನಿಯ ಮರಣ ಮತ್ತು ನಂತರದ ವಿವಾಹ ಎರಡನ್ನೂ ದಾಖಲಿಸತಕ್ಕದ್ದು.

ಪತ್ನಿಯ ಜನ್ಮ ದಿನಾಂಕವನ್ನು ಅನೇಕರು ನಿರ್ಲಕ್ಷಿಸುತ್ತಾರೆ. ಕುಟುಂಬ ಪಿಂಚಣಿದಾರರಿಗೆ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಶೇ. 20, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50 ಮತ್ತು 100 ವರ್ಷಕ್ಕೆ ಶೇ. 100ರಷ್ಟು ಹೆಚ್ಚುವರಿ ಪಿಂಚಣಿ ದೊರೆಯುತ್ತದೆ. ಜನ್ಮ ದಿನಾಂಕವೇ ದಾಖಲೆಯಲ್ಲಿ ಇಲ್ಲದಿದ್ದಲ್ಲಿ ಈ ಹೆಚ್ಚಳವನ್ನು ಪಡೆಯಲು ವೃದ್ಧಾಪ್ಯದಲ್ಲಿ ಕಛೇರಿಗಳಿಗೆ ಅಲೆಯಬೇಕಾಗುತ್ತದೆ.

ವಿಕಲಚೇತನ ಮಕ್ಕಳಿರುವವರು ಸಹ ಹೆಚ್ಚಿನ ಗಮನ ನೀಡಬೇಕು. ದುಡಿದು ಜೀವಿಸಲಾಗದ ವಿಕಲಚೇತನ ಮಗ ಅಥವಾ ಮಗಳಿಗೆ ನಿಯಮಾನುಸಾರ ಜೀವಿತಾವಧಿಯವರೆಗೆ ಕುಟುಂಬ ಪಿಂಚಣಿಗೆ ಅವಕಾಶವಿದೆ. ತಂದೆ ತಾಯಿ ಜೀವಿತರಾಗಿರುವಾಗಲೇ ವೈದ್ಯಕೀಯ ಪ್ರಮಾಣ ಪತ್ರದೊಂದಿಗೆ ಈ ವಿವರವನ್ನು ದಾಖಲಿಸಿದಲ್ಲಿ ಮುಂದೆ ಆ ಮಕ್ಕಳ ಪರವಾಗಿ ಯಾರೂ ಪರದಾಡಬೇಕಾಗುವುದಿಲ್ಲ.

3. ತಿದ್ದುಪಡಿಗೆ ಅರ್ಜಿ ಸಲ್ಲಿಸುವ ವಿಧಾನ

ಪ್ರತಿ ರೆಕಾರ್ಡ್ ಕಛೇರಿಯು ತನ್ನದೇ ಆದ ನಮೂನೆಯನ್ನು ಹೊಂದಿರುತ್ತದೆ. ಸಾಮಾನ್ಯವಾಗಿ ಕೆಳಕಂಡ ದಾಖಲೆಗಳನ್ನು ಲಗತ್ತಿಸಬೇಕಾಗುತ್ತದೆ.

ಅ) ಸೇವಾ ಸಂಖ್ಯೆ, ದರ್ಜೆ, ಹೆಸರು, ಬಿಡುಗಡೆಯ ದಿನಾಂಕ ಮತ್ತು ಪಿ.ಪಿ.ಓ. ಸಂಖ್ಯೆ ನಮೂದಿಸಿ ಸಹಿ ಮಾಡಿದ ಮನವಿ.
ಆ) ಡಿಸ್‌ಚಾರ್ಜ್ ಪುಸ್ತಕದ ಎಲ್ಲಾ ಪುಟಗಳ ಹಾಗೂ ಪಿ.ಪಿ.ಓ.ನ ದೃಢೀಕೃತ ನಕಲು.
ಇ) ಎರಡೂ ಹೆಸರುಗಳು ಒಬ್ಬರಿಗೇ ಸೇರಿದವು ಎಂದು ಘೋಷಿಸುವ ಅಫಿಡವಿಟ್. ಪತ್ನಿಯ ಹೆಸರಿನ ವಿಷಯದಲ್ಲಿ ಇದು ದಂಪತಿಗಳ ಜಂಟಿ ಅಫಿಡವಿಟ್ ಆಗಿರತಕ್ಕದ್ದು.
ಈ) ದಂಪತಿಗಳ ಜಂಟಿ ಭಾವಚಿತ್ರ, ಆಧಾರ್ ಮತ್ತು ಪ್ಯಾನ್ ಕಾರ್ಡ್‌ಗಳ ನಕಲು.
ಉ) ಜನ್ಮ ದಿನಾಂಕಕ್ಕೆ ಜನನ ಪ್ರಮಾಣ ಪತ್ರ ಅಥವಾ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ವಿವಾಹಕ್ಕೆ ಉಪ ನೋಂದಣಾಧಿಕಾರಿಗಳ ಕಛೇರಿಯ ವಿವಾಹ ನೋಂದಣಿ ಪತ್ರ.
ಊ) ಹೆಸರು ಪೂರ್ಣವಾಗಿ ಬದಲಾಗಿದ್ದಲ್ಲಿ ದಿನಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಕಟಣೆಯ ಪ್ರತಿ.

ಅರ್ಜಿಯನ್ನು ತಮ್ಮ ಜಿಲ್ಲೆಯ ವ್ಯಾಪ್ತಿ ಹೊಂದಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಛೇರಿಯಲ್ಲಿ ಪರಿಶೀಲನೆಗೆ ಒಳಪಡಿಸಿ, ದೃಢೀಕರಣದೊಂದಿಗೆ ಕಳುಹಿಸುವುದು ಸೂಕ್ತ. ಅಪೂರ್ಣ ಅರ್ಜಿಗಳು ಆಕ್ಷೇಪಣೆಯೊಂದಿಗೆ ಹಿಂದಿರುಗಿ ಬರುವುದರಿಂದ ಕಾಲವ್ಯಯವಾಗುತ್ತದೆ. ನೇರವಾಗಿ ಕಳುಹಿಸುವವರು ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ರಸೀತಿ ಹಾಗೂ ಸಂಪೂರ್ಣ ಅರ್ಜಿಯ ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಬೇಕು. ಯಾವುದೇ ಕಾರಣಕ್ಕೂ ಮೂಲ ಡಿಸ್‌ಚಾರ್ಜ್ ಪುಸ್ತಕವನ್ನು ಕೇಳದೆ ಕಳುಹಿಸಬಾರದು.

ಪಾರ್ಟ್ ಟು ಆರ್ಡರ್‌ನ ಪ್ರತಿ ಬಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ತಿದ್ದುಪಡಿ ಪಿ.ಪಿ.ಓ. ಬಂದಿದೆಯೇ ಹಾಗೂ ಸ್ಪರ್ಶ್ ಪಿಂಚಣಿ ವ್ಯವಸ್ಥೆಯಲ್ಲಿನ ತಮ್ಮ ಖಾತೆಯಲ್ಲಿ ಹೊಸ ವಿವರ ಕಾಣುತ್ತಿದೆಯೇ ಎಂಬುದನ್ನು ನೋಡತಕ್ಕದ್ದು. ಹಿಂದೆ ಬ್ಯಾಂಕ್‌ಗಳ ಮೂಲಕ ಪಿಂಚಣಿ ಪಡೆಯುತ್ತಿದ್ದು ಸ್ಪರ್ಶ್‌ಗೆ ವರ್ಗಾವಣೆಗೊಂಡವರು ತಮ್ಮ ಕುಟುಂಬದ ಪ್ರತಿ ಸದಸ್ಯರ ವಿವರವನ್ನೂ ಅಲ್ಲಿ ಪರಿಶೀಲಿಸಬೇಕು.

4. ಸೈನಿಕರು ಮೃತಪಟ್ಟ ನಂತರ ವ್ಯತ್ಯಾಸ ಕಂಡುಬಂದಲ್ಲಿ

ಇಂತಹ ಸಂದರ್ಭದಲ್ಲಿ ಪತ್ನಿಯು ಮರಣ ಪ್ರಮಾಣ ಪತ್ರ, ತನ್ನ ಅಫಿಡವಿಟ್, ಗುರುತಿನ ದಾಖಲೆಗಳು, ನಾಡಕಛೇರಿಯಿಂದ ಪಡೆದ ವಂಶವೃಕ್ಷ ಹಾಗೂ ಬದುಕುಳಿದ ಕುಟುಂಬ ಸದಸ್ಯರ ದೃಢೀಕರಣ ಪತ್ರಗಳೊಂದಿಗೆ ಅರ್ಜಿ ಸಲ್ಲಿಸಬಹುದು. ಅಕ್ಷರ ವ್ಯತ್ಯಾಸಗಳು ಸಾಮಾನ್ಯವಾಗಿ ಇಷ್ಟರಿಂದಲೇ ಇತ್ಯರ್ಥವಾಗುತ್ತವೆ. ಆದರೆ ಪತ್ನಿಯ ಹೆಸರೇ ದಾಖಲೆಯಲ್ಲಿ ಇಲ್ಲದಿದ್ದಲ್ಲಿ ಅಥವಾ ಬೇರೊಬ್ಬರು ಹಕ್ಕು ಸಾಧಿಸಿದಲ್ಲಿ ನ್ಯಾಯಾಲಯದ ಆದೇಶ ಬೇಕಾಗಬಹುದು. ಸೈನಿಕರು ಇದ್ದಾಗ ಒಂದು ಜಂಟಿ ಅಫಿಡವಿಟ್‌ನಿಂದ ಮುಗಿಯುತ್ತಿದ್ದ ಕೆಲಸಕ್ಕೆ ಆಗ ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಆ ಮನೆಗೆ ಪಿಂಚಣಿ ಇರುವುದಿಲ್ಲ.

5. ಸೈನಿಕರ ಸ್ವಂತ ಜನ್ಮ ದಿನಾಂಕ

ಭರ್ತಿಯ ಸಮಯದಲ್ಲಿ ದಾಖಲಾದ ಸೈನಿಕರ ಜನ್ಮ ದಿನಾಂಕವನ್ನು ಬಿಡುಗಡೆಯ ನಂತರ ಬದಲಾಯಿಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಸೇವೆಯ ಕೊನೆಯಲ್ಲಿ ಎಚ್ಚೆತ್ತು ಜನ್ಮ ದಿನಾಂಕದ ಬದಲಾವಣೆಯನ್ನು ಹಕ್ಕಾಗಿ ಕೇಳಲಾಗದು ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 1993ರ ಹರ್ನಾಮ್ ಸಿಂಗ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದುದರಿಂದ ಆಧಾರ್‌ನಲ್ಲಿ ಬೇರೆ ದಿನಾಂಕವಿದ್ದಲ್ಲಿ, ಸೇವಾ ದಾಖಲೆಗೆ ಅನುಗುಣವಾಗಿ ಆಧಾರ್ ಅನ್ನೇ ಸರಿಪಡಿಸಿಕೊಳ್ಳುವುದು ಸೂಕ್ತ. ಆದರೆ ಬರವಣಿಗೆಯ ದೋಷದಿಂದ ಪಿ.ಪಿ.ಓ.ನಲ್ಲಿ ಮಾತ್ರ ತಪ್ಪಾಗಿದ್ದು, ಮೂಲ ದಾಖಲೆಯಲ್ಲಿ ಸರಿಯಾಗಿದ್ದಲ್ಲಿ ತಿದ್ದುಪಡಿಗೆ ಅಡ್ಡಿಯಿಲ್ಲ.

6. ಪದಕಗಳು ಮತ್ತು ಪ್ರಶಸ್ತಿಗಳು

ಪದಕಗಳಲ್ಲಿ ಎರಡು ಬಗೆ. ಮೊದಲನೆಯದು ಶೌರ್ಯ ಪ್ರಶಸ್ತಿಗಳು. ಪರಮವೀರ ಚಕ್ರ, ಅಶೋಕ ಚಕ್ರ ಮುಂತಾದ ಶೌರ್ಯ ಪ್ರಶಸ್ತಿಗಳು ಅಂದಿನ ಸೇನಾಧಿಕಾರಿಗಳ ಶಿಫಾರಸ್ಸಿನ ಮೇಲೆ ಪ್ರದಾನವಾಗಿ ಭಾರತ ರಾಜ್ಯಪತ್ರದಲ್ಲಿ ಪ್ರಕಟವಾಗಿರುತ್ತವೆ. ದಾಖಲೆ ತಿದ್ದುಪಡಿಯ ಅರ್ಜಿಯಿಂದ ಹೊಸ ಶೌರ್ಯ ಪ್ರಶಸ್ತಿಯನ್ನು ಪಡೆಯಲಾಗದು. ರಾಜ್ಯಪತ್ರದಲ್ಲಿ ಪ್ರಕಟವಾದ ಪ್ರಶಸ್ತಿಯು ಡಿಸ್‌ಚಾರ್ಜ್ ಪುಸ್ತಕದಲ್ಲಿ ಬಿಟ್ಟುಹೋಗಿದ್ದಲ್ಲಿ ಅದನ್ನು ಸೇರಿಸಿಕೊಳ್ಳಬಹುದು.

ಎರಡನೆಯದು ಸೇವೆ ಹಾಗೂ ಕಾರ್ಯಾಚರಣೆಯ ಪದಕಗಳು. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ. 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ ಪದಕ. 1999ರ ಕಾರ್ಗಿಲ್ ಕಾರ್ಯಾಚರಣೆಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಆಪರೇಷನ್ ವಿಜಯ್ ಪದಕ. 9, 20 ಮತ್ತು 30 ವರ್ಷಗಳ ದೀರ್ಘ ಸೇವಾ ಪದಕಗಳು ಇದರಲ್ಲಿ ಸೇರಿವೆ. ಇವು ನಿಗದಿತ ಅವಧಿಯಲ್ಲಿ, ನಿಗದಿತ ಸ್ಥಳದಲ್ಲಿ ಸೇವೆ ಸಲ್ಲಿಸಿದ್ದನ್ನು ಅವಲಂಬಿಸಿರುತ್ತವೆ. ಸ್ಟಾರ್ ಪಡೆಯಲು ಗೊತ್ತುಪಡಿಸಿದ ಕಾರ್ಯಾಚರಣೆ ಪ್ರದೇಶದಲ್ಲಿನ ಸೇವೆ ಅಗತ್ಯ. ಆದುದರಿಂದ ಕೇವಲ ಆ ವರ್ಷ ಸೇನೆಯಲ್ಲಿದ್ದೆ ಎಂದು ಬರೆಯದೆ, ಅಂದಿನ ಯೂನಿಟ್, ಸ್ಥಳ ಮತ್ತು ದಿನಾಂಕಗಳನ್ನು ತಿಳಿಸಬೇಕು. ಅದೇ ಯೂನಿಟ್‌ನಲ್ಲಿದ್ದ ಸಹೋದ್ಯೋಗಿಗೆ ಪದಕ ಬಂದಿದ್ದಲ್ಲಿ, ಅದರ ನಮೂದಿನ ನಕಲನ್ನು ಲಗತ್ತಿಸುವುದು ಪರಿಶೀಲನೆಗೆ ಸಹಾಯಕವಾಗುತ್ತದೆ.

ಅರ್ಹತೆ ದಾಖಲಾಗಿದ್ದರೂ ಪದಕ ಕೈಸೇರಿಲ್ಲದಿದ್ದಲ್ಲಿ ರೆಕಾರ್ಡ್ ಕಛೇರಿಗೆ ಮನವಿ ಸಲ್ಲಿಸಬೇಕು. ಪದಕ ಕಳೆದುಹೋಗಿದ್ದಲ್ಲಿ ಪೊಲೀಸ್ ಠಾಣೆಯ ದೂರಿನ ಪ್ರತಿ ಮತ್ತು ಅಫಿಡವಿಟ್‌ನೊಂದಿಗೆ ಬದಲಿ ಪದಕಕ್ಕೆ ಅರ್ಜಿ ಸಲ್ಲಿಸಬಹುದು. ಪದಕವು ಸಿಕ್ಕಾಗ ಅಂಚಿನಲ್ಲಿ ಕೆತ್ತಿರುವ ಸೇವಾ ಸಂಖ್ಯೆ ಮತ್ತು ಹೆಸರನ್ನು ನೋಡಿಕೊಳ್ಳಬೇಕು. ಪದಕಕ್ಕೆ ಹಣದ ಮೌಲ್ಯ ಕಡಿಮೆಯಿರಬಹುದು. ಆದರೆ ಗಡಿಯಲ್ಲಿ ಕಳೆದ ದಿನಗಳಿಗೆ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಉಳಿಯುವ ಸಾಕ್ಷಿ ಅದು.

7. ಉತ್ತರ ಬಾರದಿದ್ದಲ್ಲಿ

ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಛೇರಿಯ ಮೂಲಕ ಜ್ಞಾಪನ ಕಳುಹಿಸಬೇಕು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ರೂ. 10 ಶುಲ್ಕದೊಂದಿಗೆ ತಮ್ಮದೇ ಸೇವಾ ದಾಖಲೆಯ ನಕಲನ್ನೂ ಅರ್ಜಿಯ ಸ್ಥಿತಿಯನ್ನೂ ಕೋರಬಹುದು. ಇದಕ್ಕೆ 30 ದಿನಗಳ ಕಾಲಮಿತಿಯಿದೆ. ಕೋರಿಕೆಯನ್ನು ತಿರಸ್ಕರಿಸಿದಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅಧಿನಿಯಮ, 2007ರ ಅನ್ವಯ ಅಂತಿಮ ಆದೇಶದ ದಿನಾಂಕದಿಂದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಮನವಿಗೆ ಆರು ತಿಂಗಳವರೆಗೆ ಆದೇಶವೇ ಬಾರದಿದ್ದಲ್ಲಿಯೂ ಈ ಅವಕಾಶವಿದೆ. ಸ್ಪೀಡ್ ಪೋಸ್ಟ್ ರಸೀತಿಯ ಮಹತ್ವ ಇಲ್ಲಿ ತಿಳಿದುಬರುತ್ತದೆ.

ಪಿಂಚಣಿ ಪಡೆಯದೆ ಬಿಡುಗಡೆ ಹೊಂದಿದವರ ಸೇವಾ ಪತ್ರಗಳನ್ನು ಸೇನಾ ನಿಯಮಾವಳಿಯ ಪ್ರಕಾರ 25 ವರ್ಷಗಳ ನಂತರ ನಾಶಪಡಿಸಲಾಗುತ್ತದೆ. ಅಂತಹವರಿಗೆ ತಮ್ಮ ಬಳಿಯಿರುವ ಡಿಸ್‌ಚಾರ್ಜ್ ಪುಸ್ತಕವೇ ಮುಖ್ಯ ಆಧಾರವಾಗಿ ಉಳಿಯುತ್ತದೆ. ಅದನ್ನು ಜೋಪಾನವಾಗಿರಿಸಿ, ಒಂದು ಪ್ರತಿಯನ್ನು ಬೇರೆಡೆ ಇಡತಕ್ಕದ್ದು.

8. ಮಾಜಿ ಸೈನಿಕರಲ್ಲಿ ಕೋರಿಕೆ

ತಮ್ಮ ಡಿಸ್‌ಚಾರ್ಜ್ ಪುಸ್ತಕ, ಪಿ.ಪಿ.ಓ. ಮತ್ತು ಆಧಾರ್ ಈ ಮೂರನ್ನೂ ಪತ್ನಿಯವರೊಂದಿಗೆ ಕುಳಿತು ಅಕ್ಷರಶಃ ಹೋಲಿಸಿ ನೋಡಬೇಕು. ಈ ಪತ್ರಗಳನ್ನು ಎಲ್ಲಿ ಇಟ್ಟಿದೆ, ಯಾವ ರೆಕಾರ್ಡ್ ಕಛೇರಿಗೆ ಬರೆಯಬೇಕು ಎಂಬುದನ್ನು ಮನೆಯವರಿಗೆ ತಿಳಿಸಿರಬೇಕು. ದಾಖಲೆ ತಿದ್ದಿಸಿಕೊಡುವುದಾಗಿ ಹಣ ಕೇಳುವ ಮಧ್ಯವರ್ತಿಗಳಿಗೆ ಹಣವನ್ನಾಗಲಿ, ಪಾಸ್‌ವರ್ಡ್ ಮತ್ತು ಓ.ಟಿ.ಪಿ.ಯನ್ನಾಗಲಿ ನೀಡಬಾರದು. ಹೆಚ್ಚಿನ ಮಾಹಿತಿಗಾಗಿ ಕಛೇರಿಯ ವೇಳೆಯಲ್ಲಿ ತಮ್ಮ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಛೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.