ಒಡೆದ ಕೈಗೆ ಬಟ್ಟೆಸೋಪು ಬೇಡ

ಹಸಿ ಅಡಿಕೆ ಸುಲಿದ ಕೈಯ ಚೊಗರು ತೆಗೆಯಲು ಬಟ್ಟೆಸೋಪು ಉಜ್ಜುವುದು ನಮ್ಮಲ್ಲಿ ರೂಢಿ. ಕಲೆಯೊಟ್ಟಿಗೆ ಚರ್ಮದ ಎಣ್ಣೆಪಸೆಯೂ ಹೋಗ್ತದೆ. ಮಣ್ಣಿನಂತೆ ಚರ್ಮಕ್ಕೂ ರಸಸಾರ ಉಂಟು: ಸುಮಾರು 5, ಅಂದರೆ ತುಸು ಹುಳಿ. ಸೋಪಿನದ್ದು 9–10, ಕ್ಷಾರ. ಚಳಿಗಾಲದ ಒಣಗಾಳಿಯೂ ಸೇರಿದರೆ ಕೈ ಒಡೆದು, ಮರುದಿನ ಸುಲಿಯಲು ಕೂರುವುದೇ ಕಷ್ಟ.

ನಾನು ಕಡಲೆಹಿಟ್ಟನ್ನು ನೀರಲ್ಲಿ ಕಲಸಿ ಮೆಲ್ಲನೆ ಉಜ್ಜುತ್ತೇನೆ. ಕಲೆ ಪೂರ್ತಿ ಹೋಗದು, ಆದರೆ ಉರಿ ಇಲ್ಲ. ತೊಳೆದು, ತೇವ ಆರುವ ಮೊದಲೇ ತೆಂಗಿನೆಣ್ಣೆ ಸವರಿದರೆ ನೀರಿನಂಶ ಒಳಗೇ ನಿಲ್ತದೆ. ಅಂಟುವಾಳ ಕಾಯಿಯೂ ಆಗಬಹುದು. ಅತಿಯಾದರೆ ಅದೂ ಒಣಗಿಸ್ತದೆ, ಕಣ್ಣಿಗೆ ತಾಗಬಾರದು.

ಒಂದು ಎಚ್ಚರ: ಕೀಟನಾಶಕ ಸಿಂಪಡಿಸಿದ ದಿನ ಸೋಪು, ಧಾರಾಳ ನೀರು ಬೇಕೇ ಬೇಕು. ಒಡಕಿನಲ್ಲಿ ಕೀವು ಕಂಡರೆ ಡಾಕ್ಟರಲ್ಲಿಗೆ ಹೋಗಿ.